ಸಂತೆಯಲ್ಲಿ ಒಂಟಿ ಕೂಸು

ಈ ಮಾಲೆಗೆ ಬರುವ ಪತ್ರಗಳಲ್ಲಿ ಒಂದು ಅಳುಕು ಮತ್ತೆ ಮತ್ತೆ ಕಾಣುತ್ತಿದೆ. ನೂಲ ಎಂಬ ಊರಿನ ಕೇಳುಗರೊಬ್ಬರು ಬರೆದದ್ದನ್ನು ಅವರ ಮಾತಿನಲ್ಲೇ ಓದುತ್ತೇನೆ: "ಗಡಹಿಂಗ್ಲಜ ಸ್ಟ್ಯಾಂಡಿನ್ಯಾಗ ಮೂರು ವರ್ಷದ ಕೂಸು ಒಂದ ನಿಂತಿತ್ರಿ. ಹತ್ತಿರ ಹೋಗಬೇಕು ಅನಿಸ್ತು. ಆದ್ರ ನಾ ಕೈ ಹಿಡದದ್ದ ನೋಡಿ ಮಂದಿ ಮಕ್ಕಳ ಕಳ್ಳ ಅಂತ ಬಡದ್ರ ಏನ ಮಾಡ್ಲಿ? ದೂರ ನಿಂತ ನೋಡಿದೆ."

ಈ ಅಂಜಿಕೆ ಹುಚ್ಚು ಅಂಜಿಕೆ ಅಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ವಾರದ ಸಂತೆಗೆ ಬಂದಿದ್ದ ಐದು ಜನ ಭಿಕ್ಷುಕರನ್ನು ಮಕ್ಕಳ ಕಳ್ಳರೆಂದು ಗುಂಪು ಹೊಡೆದು ಕೊಂದಿತು. ಅವರು ನಾಥಪಂಥಿ ಗೋಸಾವಿಗಳು, ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯವರು. ಎರಡು ವಾರ ಕಳೆಯುವುದರೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣನೊಬ್ಬ ಸತ್ತ. ಅವನ ಗೆಳೆಯರ ತಂಡ ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟು ಹಂಚಿತ್ತು, ಅಷ್ಟೇ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಜತ್ತ ತಾಲೂಕಿನ ಲವಂಗಾದಲ್ಲಿ, ಬಿಜಾಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಹುಡುಗನೊಬ್ಬನನ್ನು ದಾರಿ ಕೇಳಿದರು. ಅವರಿಗೂ ಬಡಿಗೆ ಏಟು ಬಿತ್ತು. ಪುಣ್ಯಕ್ಕೆ ಜೀವ ಉಳಿಯಿತು.

ಈ ಮೂರೂ ಕಡೆ ಕದ್ದ ಮಗು ಒಂದೂ ಇರಲಿಲ್ಲ. ಮೊಬೈಲಿನಲ್ಲಿ ಬಂದ ಗಾಳಿಸುದ್ದಿ ಇತ್ತು, ವೇಷ ಬೇರೆಯಾಗಿದ್ದ ಪರವೂರಿನ ಗಂಡಸರಿದ್ದರು.

ಇನ್ನು ನಿಜವಾಗಿ ಮಕ್ಕಳನ್ನು ಕದ್ದವರು ಹೇಗಿದ್ದರು? ಅದನ್ನು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ಅಂಜನಾಬಾಯಿ ಗಾವಿತ್ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳು 1990ರಿಂದ 1996ರವರೆಗೆ ಕೊಲ್ಲಾಪುರ, ಪುಣೆ, ನಾಸಿಕದ ಕಡೆ ಗದ್ದಲದ ಜಾಗಗಳಿಂದ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಪರ್ಸು, ಸರ ಕದಿಯುತ್ತಿದ್ದರು. ಸಿಕ್ಕಿಬಿದ್ದರೆ ಜನ ಕೂಸಿನ ಮುಖ ನೋಡಿ ಬಿಟ್ಟುಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಹಲವು ಮಕ್ಕಳನ್ನು ಕೊಂದರು. 2001ರಲ್ಲಿ ಕೊಲ್ಲಾಪುರದ ಕೋರ್ಟು ಹೆಣ್ಣುಮಕ್ಕಳಿಬ್ಬರಿಗೂ ಗಲ್ಲು ವಿಧಿಸಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 2022ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಕೊಲ್ಲಾಪುರದ ಮಂದಿಗೆ ಈ ಕಥೆ ಗೊತ್ತು. ಗೊತ್ತಿದ್ದೂ ಇವತ್ತಿಗೂ ಗಡ್ಡ ಬಿಟ್ಟವನನ್ನು ಕಂಡರೆ ಕಲ್ಲು ಹುಡುಕುತ್ತಾರೆ, ಅಳುವ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿರಬಿರನೆ ಹೋಗುವ ಹೆಂಗಸಿಗೆ ದಾರಿ ಬಿಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಮುಖ ನೋಡಿ, ಬಟ್ಟೆ ನೋಡಿ, ಜಾತಿ ಊಹಿಸಿ ಕಳ್ಳನನ್ನು ಹಿಡಿಯುವ ವಿದ್ಯೆ ಯಾರಿಗೂ ಇಲ್ಲ. ನೋಡಬೇಕಾದದ್ದು ಒಂದೇ: ಮಗುವನ್ನು ಯಾರಾದರೂ ಆ ಜಾಗದಿಂದ ದೂರ ಒಯ್ಯುತ್ತಿದ್ದಾರೆಯೇ?

ಪತ್ರ ಬರೆದವರಿಗೂ ನನ್ನ ಉತ್ತರ ಇದರೊಳಗೇ ಇದೆ. ಹತ್ತಿರ ಹೋಗಿ, ಆದರೆ ಜಾಗ ಬಿಡಬೇಡಿ.

ಯಾಕೆ ಎಂದು ವಿವರಿಸುತ್ತೇನೆ. ಕೈಯಲ್ಲಿದ್ದ ಮಗು ಇಲ್ಲ ಎಂದು ತಾಯಿಗೆ ಗೊತ್ತಾದ ಕ್ಷಣ ಅವಳು ಏನು ಮಾಡುತ್ತಾಳೆ? ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಾಳೆ. ಬಳೆ ಅಂಗಡಿ, ಕಬ್ಬಿನ ಹಾಲಿನ ಗಾಡಿ, ನೀರಿನ ನಳ, ಹೀಗೆ ಮಗು ಜೊತೆಗಿದ್ದದ್ದು ನೆನಪಿರುವ ಕೊನೆಯ ಜಾಗದವರೆಗೆ ಬರುತ್ತಾಳೆ. ಎರಡು ಮೂರು ವರ್ಷದ ಕೂಸು ಅಲ್ಲಿಂದ ಬಹಳ ದೂರ ಹೋಗಿರುವುದಿಲ್ಲ. ನಾಯಿಮರಿ ನೋಡುತ್ತಲೋ ಪುಗ್ಗೆ ನೋಡುತ್ತಲೋ ಎರಡು ಅಂಗಡಿ ಆಚೆ ನಿಂತಿರುತ್ತದೆ. ಈಗ ಒಬ್ಬ ಒಳ್ಳೆಯ ಮನುಷ್ಯ ಬಂದು, "ಪಾಪ, ಗದ್ದಲದಾಗ ಐತಿ" ಎಂದು ಅದನ್ನು ಎತ್ತಿಕೊಂಡು ಜಾತ್ರೆಯ ಆ ತುದಿಯ ಚೌಕಿಗೆ ಒಯ್ದನೆನ್ನಿ. ತಾಯಿ ಬಳೆ ಅಂಗಡಿಗೆ ಬರುತ್ತಾಳೆ. ಕೂಸು ಇಲ್ಲ. ಇಲ್ಲಿಲ್ಲ ಎಂದಮೇಲೆ ಅವಳು ಇನ್ನೊಂದು ದಿಕ್ಕಿಗೆ ಓಡುತ್ತಾಳೆ. ಒಳ್ಳೆಯ ಮನುಷ್ಯನ ಪ್ರತಿ ಹೆಜ್ಜೆಯೂ ತಾಯಿ ಮಗುವಿನ ನಡುವಿನ ದೂರವನ್ನು ಹೆಚ್ಚಿಸಿತು.

ಗದ್ದಲದಲ್ಲಿ ಇಬ್ಬರೂ ತಿರುಗುತ್ತಿದ್ದರೆ ಪಕ್ಕದಲ್ಲೇ ಹಾದುಹೋದರೂ ಸಿಗುವುದಿಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ಸಿಗುತ್ತಾರೆ. ತಾಯಿಗೆ ನಿಲ್ಲಲು ಆಗುವುದಿಲ್ಲ, ಆಗಬಾರದು ಕೂಡ. ಹಾಗಾದರೆ ನಿಲ್ಲಬೇಕಾದದ್ದು ಕೂಸು. ಅದನ್ನು ಅಲ್ಲೇ ನಿಲ್ಲಿಸುವುದೇ ನಿಮ್ಮ ಕೆಲಸ. ಇನ್ನೊಂದು ಮಾತು: ಗದ್ದಲದಲ್ಲಿ ಕೂಸಿಗೆ ಬರೀ ಮೊಣಕಾಲುಗಳು ಕಾಣುತ್ತವೆ, ತಾಯಿಗೆ ಬರೀ ತಲೆಗಳು ಕಾಣುತ್ತವೆ. ಪಕ್ಕದಲ್ಲಿ ನಿಂತ ನೀವು ಇಬ್ಬರ ಕಣ್ಣಿಗೂ ಬೀಳುತ್ತೀರಿ. ಮೊದಲು ಕುಕ್ಕರುಗಾಲಲ್ಲಿ ಕೂತು ಕೂಸಿನ ಹತ್ತಿರ ಎರಡು ಮಾತಾಡಿ. ಆಮೇಲೆ ಎದ್ದು ನಿಂತು ಹೆಗಲ ಮೇಲಿನ ಟವೆಲ್ಲು ಎತ್ತಿ ಬೀಸಿ. "ಈ ಕೂಸು ಯಾರದ್ರೀ? ನಾ ಇಲ್ಲೇ ನಿಂತೀನಿ" ಎಂದು ಗಟ್ಟಿಯಾಗಿ ಕೂಗಿ. ಬಳೆ ಅಂಗಡಿಯವಳನ್ನೋ ಕಂಡಕ್ಟರನ್ನೋ ಪಕ್ಕಕ್ಕೆ ಕರೆದುಕೊಳ್ಳಿ. ಮಕ್ಕಳ ಕಳ್ಳ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾನೆ. ಕೂಗುತ್ತ, ಸಾಕ್ಷಿ ಕರೆಯುತ್ತ, ಅದೇ ಜಾಗದಲ್ಲಿ ನಿಂತವನ ಮೇಲೆ ಯಾರಿಗೂ ಸಂಶಯ ಬರುವುದು ಕಷ್ಟ. ಜಾಗ ಬಿಡದಿದ್ದರೆ ಕೂಸಿಗೂ ಕ್ಷೇಮ, ನಿಮಗೂ ಕ್ಷೇಮ. ತಿನ್ನಲು ಮಾತ್ರ ಏನೂ ಕೊಡಬೇಡಿ. ಮುರ್ಕಿಯಲ್ಲಿ ಚಾಕಲೇಟು ಏನು ಮಾಡಿತು ಎಂದು ಈಗಷ್ಟೇ ಹೇಳಿದೆ. ಬಾಯಾರಿದ್ದರೆ ನೀರು ಸಾಕು.

ಕೂಸು ರಸ್ತೆಯ ನಡುವೆ ಇದ್ದರೆ, ಬಾವಿಯ ಕಟ್ಟೆಯ ಮೇಲೆ ಇದ್ದರೆ, ಹಿರಣ್ಯಕೇಶಿ ನದಿಯ ಘಾಟಿನ ಮೆಟ್ಟಿಲಲ್ಲಿದ್ದರೆ ಅಲ್ಲೇ ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಎತ್ತಿ, ಆದರೆ ಅಂಚಿಗೆ ತರುವಷ್ಟು ಮಾತ್ರ. ಮೊದಲಿನ ಜಾಗ ಅಲ್ಲಿಂದ ಕಣ್ಣಿಗೆ ಕಾಣುತ್ತಿರಬೇಕು.

ಕೂಸನ್ನು ದೂರ ಒಯ್ದರೆ ಏನಾಗುತ್ತದೆ ಎಂಬುದನ್ನು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕುಂಕುಮದ ಅಂಗಡಿಯ ಮುಂದೆ ಒಬ್ಬ ತಾಯಿ ನೆಲಕ್ಕೆ ಕುಸಿದಿದ್ದಳು. ಅವಳ ಮಗನನ್ನು ಯಾರೋ ಪುಣ್ಯಾತ್ಮರು ಆಗಲೇ ಲೌಡ್‌ಸ್ಪೀಕರಿನವರ ಹತ್ತಿರ ಮುಟ್ಟಿಸಿದ್ದರು. ಅಲ್ಲಿಂದ ಹೆಸರು ಕೂಗುತ್ತಿದ್ದರು, ನಾಲ್ಕು ಕಡೆಯ ಡೊಳ್ಳಿನಲ್ಲಿ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅವಳೂ ಜಾಗ ಬಿಟ್ಟು ಏಳಲು ಒಲ್ಲಳು, ಮಗ ಇಲ್ಲಿಗೇ ಬರುತ್ತಾನೆ ಎಂದೇ ಹಟ. ಸುದ್ದಿ ಲೌಡ್‌ಸ್ಪೀಕರಿಗೆ ಹೋಗಲಿ, ಕೂಸು ಹೋಗುವುದು ಬೇಡ. ಸುದ್ದಿಯಲ್ಲೂ "ಬಳೆ ಅಂಗಡಿ ಹತ್ತಿರ ಒಂದು ಕೂಸು ಇದೆ" ಎನ್ನುವಷ್ಟೇ ಇರಲಿ. ಹೆಸರು, ಅಂಗಿಯ ಬಣ್ಣ, ಕೊರಳಿನ ತಾಯತ ಎಲ್ಲವನ್ನೂ ಕೂಗಿಬಿಟ್ಟರೆ, ಬಂದವರನ್ನು ನೀವು ಪರೀಕ್ಷೆ ಮಾಡುವುದಾದರೂ ಯಾವುದರಿಂದ?

ಬಂದವರ ಕೈಗೆ ಕೂಸನ್ನು ಕೊಡುವಾಗ "ಇವಳ ನಿಮ್ಮವ್ವ ಏನ?" ಎಂದು ಕೇಳುವುದು ಎಲ್ಲರ ರೂಢಿ. ಹೆದರಿದ ಕೂಸು ಎಲ್ಲದಕ್ಕೂ ಗೋಣು ಹಾಕುತ್ತದೆ. "ಇವರು ಯಾರು?" ಎಂದು ಕೇಳಿ, ಸುಮ್ಮನಿರಿ. ಉತ್ತರ ಅದರ ಬಾಯಿಂದಲೇ ಬರಲಿ. ಹೆಸರು ಕೇಳುವಾಗಲೂ "ಮನ್ಯಾಗ ನಿನ್ನ ಏನಂತ ಕರೀತಾರ?" ಎನ್ನಿ. ಹಾಜರಿ ಪುಸ್ತಕದ ಹೆಸರು ಮೂರು ವರ್ಷದ ಕೂಸಿಗೆ ಎಲ್ಲಿಂದ ಗೊತ್ತಿರಬೇಕು? ನಮ್ಮ ಮಹಾರಾಷ್ಟ್ರ-ಕರ್ನಾಟಕ ಗಡಿಯಲ್ಲಿ ಭಾಷೆಯ ತೊಡಕೂ ಇದೆ. ನೂಲ, ಹಲಕರ್ಣಿ ಕಡೆಯ ಕನ್ನಡ ಕೂಸು ಕೊಲ್ಲಾಪುರದ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡರೆ ಅದರ ಮಾತು ಸುತ್ತಲಿನವರಿಗೆ ತಿಳಿಯದೆ ಹೋಗಬಹುದು. ಬೆಳಗಾವಿ, ನಿಪ್ಪಾಣಿ, ಸಂಕೇಶ್ವರದ ಕರ್ನಾಟಕ ಬಸ್ಸುಗಳು ಅಲ್ಲಿ ನಿಂತಿರುತ್ತವೆ. ಒಬ್ಬ ಕಂಡಕ್ಟರನ್ನು ಕರೆಯಿರಿ, ಕೂಸು ಬಾಯಿ ಬಿಡುತ್ತದೆ.

"ಇಷ್ಟು ಮಂದಿ ಇದ್ದಾರ, ಯಾರಾರ ನೋಡ್ತಾರ" ಎನ್ನುವವರಿಗೂ ಒಂದು ಮಾತು. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಸದ್ದು. ಕೇಳಿಸಿಕೊಂಡವನು ತಾನೊಬ್ಬನೇ ಎಂದುಕೊಂಡಿದ್ದಾಗ ಶೇಕಡಾ 85 ಜನ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಂಡಿದ್ದಾರೆ ಎಂದುಕೊಂಡಿದ್ದಾಗ ಎದ್ದವರು ಶೇಕಡಾ 31 ಮಾತ್ರ. ಮಂದಿ ಹೆಚ್ಚಾದಷ್ಟು ಹೊಣೆ ಹರಿದು ಹಂಚಿಹೋಗುತ್ತದೆ. ಅಳದೆ ಸುಮ್ಮನೆ ನಿಂತ ಕೂಸು ತಪ್ಪಿಸಿಕೊಂಡದ್ದಲ್ಲ ಎಂದುಕೊಳ್ಳುವುದೂ ಇಂಥದೇ ತಪ್ಪು. ತಾನು ತಪ್ಪಿಸಿಕೊಂಡೆ ಎಂಬುದು ಎಷ್ಟೋ ಹೊತ್ತು ಅದಕ್ಕೇ ತಿಳಿದಿರುವುದಿಲ್ಲ.

ಹೊತ್ತು ಕಡಿಮೆ ಉಳಿದಿದೆ, ಕಾನೂನಿನ ಮಾತು ಬೇಗ ಹೇಳುತ್ತೇನೆ. ಸ್ವಲ್ಪ ಹೊತ್ತು ಕಾದರೂ ಯಾರೂ ಬರದಿದ್ದರೆ 1098ಕ್ಕೆ ಇಲ್ಲವೇ 112ಕ್ಕೆ ಫೋನು ಮಾಡಿ. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಊರಾದರೆ ಪೊಲೀಸ್ ಪಾಟೀಲರಿಗೆ ತಿಳಿಸಿ. ದಯೆಯಿಂದಲೇ ಆದರೂ ಕೂಸನ್ನು ಮನೆಗೆ ಒಯ್ಯಬೇಡಿ. ತಪ್ಪಿಸಿಕೊಂಡ ಇಲ್ಲವೇ ಬಿಟ್ಟುಹೋದ ಮಗು ಸಿಕ್ಕರೆ ಅದನ್ನು 24 ತಾಸಿನೊಳಗೆ ತಿಳಿಸಲೇಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಈ 24 ತಾಸನ್ನು ಜನ ಇನ್ನೊಂದಕ್ಕೆ ಗಂಟು ಹಾಕುತ್ತಾರೆ: ಮಗು ಕಳೆದರೆ ಒಂದು ದಿನ ಕಾದು ದೂರು ಕೊಡಬೇಕಂತೆ! ಅಂಥ ನಿಯಮ ಎಲ್ಲೂ ಇಲ್ಲ. ಕಾಣೆಯಾದ ಮಗುವಿನ ದೂರು ಬಂದರೆ ಎಫ್ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಮಗು ಕಾಣದ ಕೂಡಲೇ ಠಾಣೆಗೆ ಹೋಗಿ. ಕೂಸಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಡಬೇಡಿ. ಕೂಸು ಸಂಜೆಗೆ ಮನೆ ಸೇರಿದರೂ ಫೋಟೋ ವರ್ಷಗಟ್ಟಲೆ ತಿರುಗುತ್ತ ಇನ್ನೊಂದೂರಿನಲ್ಲಿ ಬಡಿಗೆ ಎತ್ತಿಸುತ್ತದೆ.

ಕೊನೆಗೆ ಉಳಿದದ್ದು ಕಬ್ಬಿನ ಹಂಗಾಮಿನ ಪ್ರಶ್ನೆ. ಬೀಡ ಕಡೆಯಿಂದ ಕಬ್ಬು ಕಡಿಯಲು ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ, ನಸುಕಿನಲ್ಲೇ ಕೊಯ್ತಾ ಹಿಡಿಯುತ್ತಾರೆ. ಕೂಸುಗಳು ಬದುವಿನ ಮೇಲೆ, ಟ್ರಾಲಿಯ ನೆರಳಿನಲ್ಲಿ ಮಲಗಿರುತ್ತವೆ. "ಎಂಥ ತಾಯಿ ಇಕಿ" ಎಂದು ಒಬ್ಬರು ಬರೆದಿದ್ದಾರೆ. ಆ ಮಾತು ನನಗೆ ಸೇರಲಿಲ್ಲ. ಮುಂಗಡ ತೀರಿಸಲು ಇಬ್ಬರ ಕೈಯೂ ನಡೆಯಬೇಕು, ಕೂಸನ್ನು ನೋಡಿಕೊಳ್ಳಲು ಮೂರನೆಯ ಕೈ ಇಲ್ಲ. ಆ ಕೂಸು ಬಿಟ್ಟುಹೋದ ಕೂಸಲ್ಲ. ತಾಯಿ ನಾಲ್ಕು ಸಾಲಿನ ಆಚೆಗೇ ಇದ್ದಾಳೆ. ಹೊಲ ನಿಮ್ಮದಾದರೆ ಕೂಸಿಗೆ ಟ್ರಾಲಿಯಿಂದ ದೂರ, ತಾಯಿಗೆ ಕಾಣುವಂತೆ ಒಂದು ಮರದ ನೆರಳನ್ನೋ ಚಪ್ಪರವನ್ನೋ ಮಾಡಿಕೊಡಿ. ದಾರಿಹೋಕರಾದರೆ, ಟ್ರ್ಯಾಕ್ಟರಿನ ಇಂಜಿನ್ ಶುರುವಾಗುವ ಹೊತ್ತಿಗೆ ನೀವು ಅಲ್ಲಿದ್ದರೆ, ಡ್ರೈವರಿಗೆ ಕೈ ತೋರಿಸಿ ನಿಲ್ಲಿಸಿ. ಟ್ರಾಲಿಯ ಗಾಲಿ ಗಾಲಿಯ ಹಿಂದೆ ಬಗ್ಗಿ ನೋಡಿ, ಆಮೇಲೆ ಹೋಗು ಎನ್ನಿ.