ಸುಷ್ಮಾ ಕನ್ನಡ ಕಲಿತ ಶ್ರಾವಣ

ತೊಂಬತ್ತರ ದಶಕದ ಬಗ್ಗೆ ಮಾತಾಡಿ ಅಂತ ಸ್ಟುಡಿಯೋದವರು ಒಂದಿಷ್ಟು ನಿಮಿಷ ಕೊಟ್ಟಿದ್ದಾರೆ. ಹತ್ತು ವರ್ಷದ ಸಿನಿಮಾ, ಕ್ರಿಕೆಟ್ಟು, ರಾಜಕೀಯ ಇಷ್ಟರಲ್ಲಿ ಮುಗಿಯುವ ಮಾತಲ್ಲ. ಹಾಗಾಗಿ ಒಂಬತ್ತು ವರ್ಷವನ್ನು ಗಡಗಡ ಓಡಿಸಿ ಒಂದೇ ಒಂದು ತಿಂಗಳ ಹತ್ತಿರ ಕೂತುಬಿಡುತ್ತೇನೆ.

ದಶಕ ಶುರುವಾದದ್ದೇ ಅಳುವಿನಿಂದ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ಹೋದರು. 1995ರಲ್ಲಿ ‘ಓಂ’ ಬಂತು, ಹುಡುಗರೆಲ್ಲ ಶಿವಣ್ಣನ ಹಾಗೆ ಕೂದಲು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 21ಕ್ಕೆ ದೇಶದ ತುಂಬ ಗಣಪ ಹಾಲು ಕುಡಿದ. ನಮ್ಮ ಬಳ್ಳಾರಿ ಕಡೆಯ ಕುರುಗೋಡಿನ ದೊಡ್ಡಬಸವಣ್ಣನಿಗೂ ಚಮಚ ಹಿಡಿಯೋಣವೇ ಅಂತ ಬಾದನಹಟ್ಟಿಯ ಹಿರಿಯರೊಬ್ಬರು ಕೇಳಿದ್ದರು. ಆ ಗಾತ್ರದ ಬಸವಣ್ಣನಿಗೆ ಚಮಚ ಎಲ್ಲಿ ಸಾಕಾಗುತ್ತದೆ, ಕೊಡಗಟ್ಟಲೆ ಬೇಕು! 1996ರ ಮಾರ್ಚಿನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಬೆಂಗಳೂರಿನಲ್ಲಿ ಪಾಕಿಸ್ತಾನದ ಆಮಿರ್ ಸೊಹೇಲ್‌ನ ವಿಕೆಟ್ ಎಗರಿಸಿದರು. ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾದರು. ನವೆಂಬರಿನಲ್ಲಿ ಅದೇ ಬೆಂಗಳೂರಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು, ಅದಕ್ಕಿಂತ ದೊಡ್ಡದಾಗಿ ಅದರ ವಿರುದ್ಧ ಗಲಾಟೆ ನಡೆಯಿತು. 1999ರ ಫೆಬ್ರವರಿಯಲ್ಲಿ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತರು.

ಇದೆಲ್ಲ ಆದದ್ದು ಬೇರೆ ಊರುಗಳಲ್ಲಿ. ನಾವು ಟಿವಿ ಮುಂದೆ ಕೂತು ನೋಡಿದವರು. 1999ರ ಆಗಸ್ಟಿನಲ್ಲಿ ಮಾತ್ರ ಟಿವಿಯವರೇ ನಮ್ಮನ್ನು ಹುಡುಕಿಕೊಂಡು ಬಂದರು.

ಸ್ಟುಡಿಯೋದವರು ಪಕ್ಷದ ಮಾತು ಬೇಡ ಅಂದಿದ್ದಾರೆ. ಬೇಡವೇ ಬೇಡ, ನನಗೆ ಬೇಕಾದದ್ದು ಕಥೆ. ಕಾರ್ಗಿಲ್ ಯುದ್ಧ ಆಗಷ್ಟೇ ಮುಗಿದಿತ್ತು, ಲೋಕಸಭೆಗೆ ಚುನಾವಣೆ. ಸೋನಿಯಾ ಗಾಂಧಿಯವರಿಗೆ ಅದು ಮೊಟ್ಟಮೊದಲ ಚುನಾವಣೆ. ಉತ್ತರದಲ್ಲಿ ಅಮೇಥಿ ಗೊತ್ತಿತ್ತು, ದಕ್ಷಿಣದಲ್ಲಿ ಎಲ್ಲಿ ನಿಲ್ಲುತ್ತಾರೆ ಅನ್ನುವುದು ಕೊನೆಯವರೆಗೂ ಗುಟ್ಟು. ಕಡಪಾ ಅಂದರು, ಅದು ಇದು ಅಂದರು. ಹೈದರಾಬಾದಿಗೆ ಬಂದಿಳಿದವರು ನೋಡಿದರೆ ಬಳ್ಳಾರಿಯಲ್ಲಿ ನಾಮಪತ್ರ ಸಲ್ಲಿಸಿದರು. ಸಂಸದರಾಗಿದ್ದ ಕೆ.ಸಿ. ಕೊಂಡಯ್ಯ ಜಾಗ ಬಿಟ್ಟುಕೊಟ್ಟರು. ಮೊದಲ ಚುನಾವಣೆಯಿಂದಲೂ ಕಾಂಗ್ರೆಸ್ಸನ್ನೇ ಗೆಲ್ಲಿಸಿದ ಕ್ಷೇತ್ರ, ಇದಕ್ಕಿಂತ ಭದ್ರವಾದದ್ದು ಎಲ್ಲಿ ಸಿಗಬೇಕು?

ಆದರೆ ಎದುರು ಬಂದದ್ದು ಯಾರು ಅಂತೀರಿ? ಬಿಜೆಪಿಯ ಸುಷ್ಮಾ ಸ್ವರಾಜ್. ಹರಿಯಾಣದ ಅಂಬಾಲಾದ ಹೆಣ್ಣುಮಗಳು, ಕೆಲವು ತಿಂಗಳ ಹಿಂದೆ ದೆಹಲಿಯ ಮುಖ್ಯಮಂತ್ರಿಯಾಗಿದ್ದವರು. ಬಳ್ಳಾರಿಯಲ್ಲಿ ಅವರಿಗೆ ಕ್ಷೇತ್ರವಿಲ್ಲ, ಜಾತಿಯಿಲ್ಲ, ನೆಂಟರಿಲ್ಲ. ದೇಶದ ಮಗಳು, ವಿದೇಶದ ಸೊಸೆ ಅಂತ ಅವರ ಕಡೆಯವರು ಮೈಕಿನಲ್ಲಿ ಕೂಗಿದರು. ಆ ಮಾತು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ನಮ್ಮ ಕಡೆ ಸೊಸೆಯನ್ನು ಹಾಗೆ ಹೊರಗಿನವಳು ಅನ್ನುವುದುಂಟೇನ್ರಿ?

ನನ್ನ ಮನಸ್ಸು ಗೆದ್ದದ್ದು ಬೇರೆ. ಆ ಹೆಣ್ಣುಮಗಳು ಕನ್ನಡ ಕಲಿಯಲು ಕೂತುಬಿಟ್ಟರು! ಚುನಾವಣೆಗೆ ಉಳಿದದ್ದು ಕೆಲವೇ ವಾರ. ದೆಹಲಿಯಿಂದ ಬಂದ ನಾಯಕರು ‘ನಮಸ್ಕಾರ’ ಅನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಆಮೇಲೆ ಹಿಂದಿ, ಪಕ್ಕದಲ್ಲೊಬ್ಬ ಅನುವಾದಕ. ಇದು ನಾವು ನೋಡಿಕೊಂಡು ಬಂದದ್ದು. ಸುಷ್ಮಾ ಹಾಗಲ್ಲ, ಸಭೆಯಲ್ಲಿ ನಿಂತು ಕನ್ನಡದಲ್ಲೇ ಭಾಷಣ ಮಾಡಿದರು. ಹಣೆಯಲ್ಲಿ ಅಗಲ ಕುಂಕುಮ, ಬೈತಲೆಯ ತುಂಬ ಸಿಂಧೂರ, ಗಂಟಲಿನಲ್ಲಿ ಎಳ್ಳಷ್ಟೂ ಅಳುಕಿಲ್ಲ. ನಮ್ಮದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಟಾಕೀಸಿನಲ್ಲಿ ಎರಡೂ ನಡೆಯುವ ಸೀಮೆ. ಬೆಂಗಳೂರಿನವರೇ ನಮ್ಮ ಕನ್ನಡಕ್ಕೆ ನಗುತ್ತಿದ್ದ ಕಾಲ. ಅಂಥ ಕಡೆ ಅಂಬಾಲಾದವರು ಬಂದು ಕನ್ನಡ ಮಾತಾಡಿದರೆ ಜನಕ್ಕೆ ಏನನ್ನಿಸಿರಬೇಕು? ಒಗ್ಗರಣೆ-ಮಿರ್ಚಿ ಅಂಗಡಿಗಳಲ್ಲಿ ಬೆಳಗ್ಗೆ ಎದ್ದರೆ ಅದೇ ಮಾತು. ಇತ್ತ ಪ್ರಿಯಾಂಕಾ ಗಾಂಧಿಯವರೂ ಅಮ್ಮನ ಪರವಾಗಿ ಬಂದರು, ಅಜ್ಜಿಯ ಮುಖ ನೋಡಿದ ಹಾಗಾಯಿತು ಅಂತ ಮುದುಕಿಯರು ಕಣ್ಣು ಒರೆಸಿಕೊಂಡರು. ಹಿಂದೆ 1978ರಲ್ಲಿ ಇಂದಿರಮ್ಮ ಚಿಕ್ಕಮಗಳೂರಿಗೆ ಬಂದದ್ದನ್ನು ಕೇಳಿದ್ದೆವು. ಈಗ ನಮ್ಮ ಸರದಿ.

ಅಕ್ಟೋಬರ್ 6ಕ್ಕೆ ಎಣಿಕೆ. ಸೋನಿಯಾ ಗೆದ್ದರು, ಅಂತರ 56,100. ಸುಷ್ಮಾ ಅವರಿಗೆ ಬಿದ್ದ ಮತ ಮೂರೂವರೆ ಲಕ್ಷಕ್ಕೂ ಮೇಲೆ. ಬೇರೂರದ ಪಕ್ಷಕ್ಕೆ, ಹೊಸ ಮುಖಕ್ಕೆ! ಸೋತದ್ದು ಅಂತ ಹೇಗೆ ಅನ್ನಲಿ?

ಆಮೇಲಿನದು ಬೇಸರದ ಕಥೆ. ಅಮೇಥಿಯಲ್ಲೂ ಗೆದ್ದಿದ್ದ ಸೋನಿಯಾ ಅದನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. ಮರು ವರ್ಷ ಉಪಚುನಾವಣೆ, ಕೋಳೂರು ಬಸವನಗೌಡರು ಗೆದ್ದರು. ಕಾನೂನಿನಲ್ಲಿ ಒಂದನ್ನು ಬಿಡಲೇಬೇಕು, ಒಪ್ಪಿದೆ. ಆದರೂ ಬಿಟ್ಟದ್ದು ನಮ್ಮನ್ನಲ್ಲವೇ? ಅದು ತಪ್ಪೇ ಅಂತ ನಾನಂತೂ ಹೇಳುತ್ತೇನೆ. ಸೋತವರು ಮಾತ್ರ ಬರುತ್ತಲೇ ಇದ್ದರು. ಆ ಶ್ರಾವಣದಲ್ಲಿ ಬಳ್ಳಾರಿಯಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಕೂತವರು, ಮುಂದೆ ಎಷ್ಟೋ ವರ್ಷ ಅದೇ ಹಬ್ಬಕ್ಕೆ ಅದೇ ಊರಿಗೆ ಬಂದರು.

ಇನ್ನೊಂದು ಮಾತನ್ನೂ ನುಂಗುವಂತಿಲ್ಲ. ಮುಂದೆ ಗಣಿ ಧಣಿಗಳಾದ ರೆಡ್ಡಿ ಸೋದರರು, ಅವರ ಜೊತೆಗಾರ ಶ್ರೀರಾಮುಲು, ಈ ಹೆಸರುಗಳು ರಾಜ್ಯದ ಕಿವಿಗೆ ಬಿದ್ದದ್ದು ಸುಷ್ಮಾ ಪರವಾದ ಆ ಪ್ರಚಾರದಿಂದಲೇ. 2004ರಲ್ಲಿ ಕರುಣಾಕರ ರೆಡ್ಡಿ ಇದೇ ಕ್ಷೇತ್ರದಿಂದ ಲೋಕಸಭೆಗೆ ಹೋದರು. ಚೀನಾಕ್ಕೆ ಅದಿರು ಬೇಕಾಯಿತು, ಸಂಡೂರು ಹೊಸಪೇಟೆ ರಸ್ತೆಗಳೆಲ್ಲ ಕೆಂಪು ಧೂಳಾದವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿ ಅಂದರೆ ದೇಶಕ್ಕೆ ಗಣಿ ಅಂತಲೇ ಆಯಿತು. ಅದಕ್ಕೂ ಮೊದಲು ನಮ್ಮ ಹೆಸರಿಗೆ ಇನ್ನೊಂದು ಸುದ್ದಿ ಇತ್ತು ಅನ್ನುವುದನ್ನು ಈಗಿನ ಮಕ್ಕಳಿಗೆ ಯಾರು ಹೇಳುತ್ತಾರೆ? ಸೋನಿಯಾ-ಸುಷ್ಮಾ ಅಂದರೆ ಸೋಲು-ಗೆಲುವಿನ ಲೆಕ್ಕ ಅಂದುಕೊಳ್ಳುತ್ತಾರೆ. ಸುಷ್ಮಾ ನಮ್ಮನ್ನು ನಮ್ಮ ಮಾತಿನಲ್ಲೇ ಕೇಳಿಕೊಂಡರಲ್ಲ, ನನಗೆ ಅದೇ ದೊಡ್ಡದು.

2019ರ ಆಗಸ್ಟ್ 6ರಂದು ಸುಷ್ಮಾ ತೀರಿಕೊಂಡರು, ಅದೂ ಶ್ರಾವಣವೇ.

ಬಾದನಹಟ್ಟಿಯವರಿರಲಿ, ಕುರುಗೋಡಿನವರಿರಲಿ, ಬಳ್ಳಾರಿಯವರಿರಲಿ, ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಚುನಾವಣೆಯ ಕರಪತ್ರ, ಫೋಟೊ, ಭಾಷಣದ ಕ್ಯಾಸೆಟ್ಟು ಏನಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಯಾವ ಪಕ್ಷದ್ದಾದರೂ ಸರಿ. ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಮನೆಯ ಹುಡುಗರಿಗೆ ಹೇಳಿ ಮೊಬೈಲಿಗೆ ಇಳಿಸಿಕೊಳ್ಳಿ, ನಿಮ್ಮೂರಿನ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿ.