ತೂಬಿನ ಎಚ್ಚರ



ಶಿವಮೊಗ್ಗೆ ಭದ್ರಾವತಿಗಳ ಬೇಸಾಯಗಾರರು ಬಲ್ಲರು: ತುಂಗೆ ಭದ್ರೆಯರಲ್ಲಿ ನೀರಿದ್ದರೆ ಸಾಲದು, ಕಾಲುವೆಯ ತೂಬು ಸಕಾಲದಲ್ಲಿ ತೆರೆದು ಸಕಾಲದಲ್ಲಿ ಮುಚ್ಚಬೇಕು. ದೇಹದ ಕ್ರಮವೂ ಅಂತೆಯೇ. ಜೀವಕೋಶದಲ್ಲಿ ವಂಶವಾಹಿಗಳೆಲ್ಲ ಇದ್ದರೂ ಬೇಕಾದವು ಮಾತ್ರ ತೆರೆದಿರುವುವು.

ಪುರುಷರ ಮೂತ್ರಾಶಯದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಅರ್ಬುದದಲ್ಲಿ ಈ ಕ್ರಮವು ಕೆಡುವುದು. ಬೆಳೆಸುವ ವಂಶವಾಹಿಗಳು ಮುಚ್ಚವು. ಕೋಶಗಳನ್ನು ಸ್ವಸ್ಥಾನದಲ್ಲಿ ಹಿಡಿದಿಡುವವು ತೆರೆಯವು. ಆಗ ರೋಗವು ಬಹುಧಾ ಎಲುಬುಗಳಿಗೆ ಹರಡುವುದು. ಪುರುಷ ಹಾರ್ಮೋನನ್ನು ತಡೆದರೆ ಈ ರೋಗವು ಕುಗ್ಗುವುದೆಂದು ೧೯೪೧ರಲ್ಲಿ ಚಾರ್ಲ್ಸ್ ಹಗ್ಗಿನ್ಸರು ತೋರಿಸಿದರು. ಆ ಹಾರ್ಮೋನೇ ತೂಬನ್ನೆತ್ತುವ ಕೈ. ಆದರೆ ಕಾಲಕ್ರಮದಲ್ಲಿ ರೋಗಕೋಶಗಳು ಆ ಕೈಯಿಲ್ಲದೆಯೂ ತೂಬನ್ನೆತ್ತಿಕೊಳ್ಳುವುವು.

ಮೂತ್ರಬಾಧೆಯೆಲ್ಲ ಅರ್ಬುದವಲ್ಲ, ಆದರೂ ವೃದ್ಧರು ಅದನ್ನು ನಾಚಿಕೆಯಿಂದ ಮರೆಮಾಡದೆ ವೈದ್ಯರಿಗೆ ತಿಳಿಸಬೇಕು. ಕಾಯವಿದ್ದರಲ್ಲವೇ ಕಾಯಕ? ಏರಿ ಒಡೆದ ಮೇಲೆ ಮಣ್ಣು ಹೊರುವುದಕ್ಕಿಂತ ತೂಬಿನ ಬಳಿಯ ಎಚ್ಚರವೇ ಲೇಸು.