ಅಲೆಯ ವಿದ್ಯುತ್ತು ಮತ್ತು ಅದರ ಸದ್ದು



ಶಕ್ತಿಮೂಲಗಳ ಪಾಠದಲ್ಲಿ ಸಮುದ್ರದ ಅಲೆಗೆ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಷ್ಟೇ ಮೀಸಲು. ಅವುಗಳಲ್ಲಿಯೂ ‘ಮಾಲಿನ್ಯರಹಿತ’ ಎಂಬ ವಿಶೇಷಣ ತಪ್ಪುವುದಿಲ್ಲ. ಹೊಗೆಯ ಮಟ್ಟಿಗೆ ಅದು ನಿಜ, ಸದ್ದಿನ ಮಟ್ಟಿಗೆ ಅಲ್ಲ. ಕಡಲತೀರದ ಮಕ್ಕಳು ಕುಳಿತಿರುವ ತರಗತಿಯಲ್ಲಿ ಈ ಭೇದವನ್ನು ಮರೆಮಾಚುವುದು ಸಲ್ಲದು. ಇಂತಹ ಸ್ಥಾವರ ನಿಂತರೆ ಅದರ ನೆರೆಯಲ್ಲಿ ರಾತ್ರಿ ಮಲಗಬೇಕಾದವರು ಅವರೇ.

ಉದಾಹರಣೆ ಕೇರಳದಲ್ಲಿಯೇ ಇದೆ. ತಿರುವನಂತಪುರದ ಸಮೀಪದ ಮೀನುಗಾರಿಕಾ ಬಂದರು ವಿಳಿಂಜಂನಲ್ಲಿ 1991ರಲ್ಲಿ 150 ಕಿಲೋವಾಟ್ ಸಾಮರ್ಥ್ಯದ ಪ್ರಾಯೋಗಿಕ ಸ್ಥಾವರವೊಂದು ಕಾರ್ಯಾರಂಭ ಮಾಡಿತು. ಅದರ ತತ್ತ್ವ ಕಮ್ಮಾರನ ತಿದಿಯದೇ. ಕಾಂಕ್ರೀಟಿನ ಕೋಣೆಯ ಕೆಳಭಾಗ ನೀರಿನೊಳಗೆ ತೆರೆದಿರುತ್ತದೆ. ಅಲೆ ಏರಿದಾಗ ಒಳಗಿನ ಗಾಳಿ ಮೇಲಿನ ಕೊಳವೆಯಿಂದ ಹೊರನುಗ್ಗುತ್ತದೆ, ಇಳಿದಾಗ ಹೊರಗಿನ ಗಾಳಿ ಒಳಸೇರುತ್ತದೆ. ಗಾಳಿ ಎತ್ತ ಬೀಸಿದರೂ ಒಂದೇ ದಿಕ್ಕಿಗೆ ತಿರುಗುವ ಟರ್ಬೈನನ್ನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದ ಅಲನ್ ವೆಲ್ಸ್ 1970ರ ದಶಕದಲ್ಲಿ ರೂಪಿಸಿದ್ದರು. ವಿಳಿಂಜಂನಲ್ಲಿ ಮೊದಲು ಬಳಕೆಯಾದದ್ದು ಅದೇ.

ಈ ಚಾತುರ್ಯಕ್ಕೆ ಬೆಲೆಯುಂಟು. ವೆಲ್ಸ್ ಟರ್ಬೈನು ಸರಿಯಾಗಿ ದುಡಿಯಬೇಕಾದರೆ ಅತಿ ವೇಗವಾಗಿ ತಿರುಗಬೇಕು. ಅಲಗಿನ ಹಿಂದಂಚಿನಲ್ಲಿ ಹುಟ್ಟುವ ಸದ್ದಿನ ಶಕ್ತಿಯಾದರೋ ವೇಗದ ಸುಮಾರು ಐದನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ 32 ಪಟ್ಟು, ಅಂದರೆ 15 ಡೆಸಿಬೆಲ್ ಹೆಚ್ಚಳ. (ಘಾತಾಂಕದ ಪಾಠಕ್ಕೂ ಇದು ಒದಗೀತು.) ದೊಡ್ಡ ಅಲೆ ಬಂದು ಗಾಳಿಯ ರಭಸ ಮಿತಿಮೀರಿದಾಗ ಪ್ರವಾಹವು ಅಲಗಿನ ಮೈಬಿಟ್ಟು ಸುಳಿಸುಳಿಯಾಗುತ್ತದೆ. ಆಗ ವಿದ್ಯುತ್ತು ಕುಗ್ಗುತ್ತದೆ, ಸದ್ದು ಹಿಗ್ಗುತ್ತದೆ. ನಷ್ಟವಾದ ಶಕ್ತಿಯೆಲ್ಲ ಸದ್ದಾಗುತ್ತದೆಂದು ವಿದ್ಯಾರ್ಥಿಗಳು ಭಾವಿಸಬಾರದು. ಅದರ ಬಹುಪಾಲು ಸುಳಿಗಳಲ್ಲಿಯೇ ಕರಗಿ ಉಷ್ಣವಾಗುತ್ತದೆ.

ಡೆಸಿಬೆಲ್ಲಿನ ಅಂಕಿಯೊಂದೇ ಸಾಲದು. ಬೀಸಣಿಗೆಯ ಏಕರೂಪದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಇಲ್ಲಿಯಾದರೋ ಪ್ರತಿ ಅಲೆಗೂ ಎರಡು ಬಾರಿ, ಗಾಳಿ ಹೊರಬೀಳುವಾಗ ಒಮ್ಮೆ, ಒಳಸೇರುವಾಗ ಒಮ್ಮೆ, ಸದ್ದು ಏರಿ ಇಳಿಯುತ್ತದೆ. ನಿದ್ರೆಗೆ ಭಂಗ ತರುವುದು ಈ ಏರಿಳಿತವೇ.

ಪರಿಹಾರಗಳಿಲ್ಲದಿಲ್ಲ. ಕಡಿಮೆ ವೇಗದಲ್ಲಿ ತಿರುಗುವ ಇಂಪಲ್ಸ್ ಟರ್ಬೈನು ಒಂದು. ವಿಳಿಂಜಂನಲ್ಲಿ ಮುಂದೆ ಅದನ್ನೂ ಪರೀಕ್ಷಿಸಲಾಯಿತು. ಗಾಳಿಯ ದಾರಿಗೆ ಸದ್ದು ಹೀರುವ ಒಳಪದರ ಹೊದಿಸುವುದು ಇನ್ನೊಂದು.

ತರಗತಿಯಲ್ಲಿ ಇದನ್ನು ತೋರಿಸಲು ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಒಂದು ಬಕೆಟ್ ನೀರು ಸಾಕು. ಮುಚ್ಚಳಕ್ಕೆ ಸಣ್ಣ ರಂಧ್ರ ಕೊರೆದು ಬಾಟಲಿಯನ್ನು ನೀರಿಗೆ ಒತ್ತಿ ಎತ್ತಿದರೆ ಗಾಳಿ ಎರಡೂ ಕಡೆಗೆ ಸುಯ್ಯುವುದು ಕೇಳಿಸುತ್ತದೆ. ರಂಧ್ರದ ಮೇಲೆ ದಪ್ಪ ಬಟ್ಟೆ ಕಟ್ಟಿದರೆ ಸದ್ದು ತಗ್ಗುತ್ತದೆ. ಬಾಟಲಿಯನ್ನು ಒತ್ತುವ ಕೈಗೆ ಶ್ರಮವೂ ಹೆಚ್ಚುತ್ತದೆ.